ಲಸಿಕೆಯಿಲ್ಲದ ತಿಂಗಳುಗಳಲ್ಲಿ ಮಗುವನ್ನು ನೋಡುವವರಾರು?

ಬಾಗಿಲು ಧಡಾರೆಂದರೆ ಎಳೆಗೂಸು ಎರಡೂ ತೋಳು ಚಾಚಿ, ಮರುಕ್ಷಣ ಎದೆಗೆ ಸೆಳೆದುಕೊಂಡು ಅಳುತ್ತದೆ. ಕೂಸು ಬೆಚ್ಚಿತೆಂದು ಹಿರಿಯರು ದೃಷ್ಟಿ ತೆಗೆಯುತ್ತಾರೆ. ಹೈಡೆಲ್‌ಬರ್ಗ್‌ನ ಮಕ್ಕಳ ವೈದ್ಯ ಅರ್ನ್ಸ್ಟ್ ಮೋರೊ 1918ರಲ್ಲಿ ವಿವರಿಸಿದ ಈ ಪರಾವರ್ತಿತ ಪ್ರತಿಕ್ರಿಯೆ ಹುಟ್ಟಿದಾಗ ಇರಬೇಕು, ಸುಮಾರು ಆರು ತಿಂಗಳೊಳಗೆ ಮರೆಯಾಗಬೇಕು. ಅಂಗೈಗೆ ತಾಗಿದ ಬೆರಳನ್ನು ತಾನಾಗಿ ಬಿಗಿಹಿಡಿಯುವ ಗುಣವೂ ಹಾಗೆಯೇ. ಅದು ಸಡಿಲವಾಗುತ್ತಾ ಬಂದಂತೆ ಮಗು ತನ್ನಿಚ್ಛೆಯಿಂದ ಗಿಲಕಿಗೆ ಕೈಚಾಚುತ್ತದೆ. ಇವು ಹುಟ್ಟಿನಲ್ಲೇ ಕಾಣದಿದ್ದರೂ, ಒಂದೇ ಬದಿಯಲ್ಲಿ ಕಂಡರೂ, ಅವಧಿ ಮೀರಿ ಉಳಿದರೂ ಸೆರೆಬ್ರಲ್ ಪಾಲ್ಸಿಯಂತಹ ತೊಂದರೆಯ ಮುನ್ಸೂಚನೆ ಇರಬಹುದು.

ವಿಪರ್ಯಾಸವೆಂದರೆ, ಈ ಬದಲಾವಣೆಯ ತಿಂಗಳುಗಳಲ್ಲೇ ಮಗು ಆರೋಗ್ಯ ಕೇಂದ್ರಕ್ಕೆ ಬರುವ ನಿಮಿತ್ತವಿರುವುದಿಲ್ಲ. ಸರ್ಕಾರಿ ವೇಳಾಪಟ್ಟಿಯಲ್ಲಿ 6, 10 ಮತ್ತು 14ನೇ ವಾರದ ಲಸಿಕೆಗಳ ನಂತರದ ಸರದಿ 9ನೇ ತಿಂಗಳಿನದು. ಕತ್ತು ನಿಲ್ಲುವುದು, ಮಗುಚುವುದು, ಕೂರುವುದು ಈ ನಡುವೆಯೇ. ಆಶಾ ಕಾರ್ಯಕರ್ತೆಯರು 3 ಮತ್ತು 6ನೇ ತಿಂಗಳಲ್ಲಿ ಮನೆಗೆ ಭೇಟಿ ನೀಡಬೇಕೆಂಬ ಕಾರ್ಯಕ್ರಮ 2018ರಲ್ಲೇ ಬಂದಿದೆ. ಆದರೆ ಜೆ.ಪಿ. ನಗರದ ಅಪಾರ್ಟ್‌ಮೆಂಟಿನ ಗೇಟನ್ನೂ, ಬನಶಂಕರಿಯ ಆಚೆ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡನ್ನೂ ಅದು ಒಂದೇ ನಿಷ್ಠೆಯಿಂದ ಮುಟ್ಟಬೇಕಲ್ಲವೇ?

ದಕ್ಷಿಣ ಬೆಂಗಳೂರಿಗೆ ತಜ್ಞರು ದೂರವಿಲ್ಲ. ನಿಮ್ಹಾನ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಜಯನಗರದ ಮಗ್ಗುಲಲ್ಲೇ ಇವೆ. ಅಲ್ಲಿಗೆ ಸಕಾಲದಲ್ಲಿ ಕಳುಹಿಸುವ ಕಣ್ಣು ಬೇಕು. ಮಗು ಹೊಸಿಲು ದಾಟಿದರೆ ಸಿಹಿ ಮಾಡುತ್ತಿದ್ದ ಅಜ್ಜಿಗೆ ಲೆಕ್ಕ ತಪ್ಪುತ್ತಿರಲಿಲ್ಲ. ಈಗ ಅಜ್ಜಿ ಊರಿನಲ್ಲಿ. ಫ್ಲ್ಯಾಟಿಗೆ ಹೊಸಿಲೂ ಇಲ್ಲ. ಹಾಗೆಂದು ನೆರೆಮನೆಯ ಮಗುವಿಗೆ ಹೋಲಿಸಿ ಗಾಬರಿಯಾಗುವುದೂ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರೋಗ್ಯವಂತ ಮಕ್ಕಳು ಸ್ವತಂತ್ರವಾಗಿ ನಡೆಯುವ ವಯಸ್ಸು ಸುಮಾರು 8ರಿಂದ ಹದಿನೇಳೂವರೆ ತಿಂಗಳವರೆಗೂ ವ್ಯಾಪಿಸಿದೆ. ಆತುರದಲ್ಲಿ ಕೊಳ್ಳುವ ವಾಕರ್ ನಡಿಗೆಯನ್ನು ಬೇಗ ತರುವುದಿಲ್ಲ, ಬೀಳಿಸುವುದುಂಟು. ಕೆನಡಾ ಅದನ್ನು 2004ರಲ್ಲೇ ನಿಷೇಧಿಸಿದೆ. ಕತ್ತು ನಿಲ್ಲದ, ಒಂದು ಕೈಯನ್ನೇ ಆಡಿಸದ, ಕಾಲು ಸದಾ ಸೆಟೆದಿರುವ ಕೂಸಿನ ವಿಷಯದಲ್ಲಿ ಮಾತ್ರ ‘ನಮ್ಮ ವಂಶದವರೇ ನಿಧಾನ’ ಎಂಬ ಸಮಾಧಾನ ಅಪಾಯಕಾರಿ. ಮಿದುಳು ಹೊಸ ದಾರಿ ಕಲಿಯಬಲ್ಲ ಎಳೆಯ ದಿನಗಳು ಕಾಯುತ್ತಾ ಕೂರುವುದರಲ್ಲೇ ಕಳೆದುಹೋಗುತ್ತವೆ.

ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಹಂತಗಳ ಚಿತ್ರಗಳಿವೆ. ತೂಕ ಬರೆದು ಸೂಜಿ ಚುಚ್ಚಿ ಕಳುಹಿಸುವ ಅವಸರದಲ್ಲಿ ಆ ಪುಟ ತೆರೆಯುವವರು ಕಡಿಮೆ. ಖಾಸಗಿ ಕ್ಲಿನಿಕ್‌ಗಳೂ ಇದಕ್ಕೆ ಹೊರತಲ್ಲ. ಆರೋಗ್ಯ ಇಲಾಖೆ ಮತ್ತು ನಗರಾಡಳಿತ ಆರನೇ ತಿಂಗಳ ತಪಾಸಣೆಯನ್ನು ಲಸಿಕೆಯಷ್ಟೇ ಕಡ್ಡಾಯವಾಗಿ ಪರಿಗಣಿಸಬೇಕು. 14ನೇ ವಾರದ ಲಸಿಕೆಯ ದಿನವೇ ಅದರ ದಿನಾಂಕವನ್ನೂ ಪೋಷಕರ ಮೊಬೈಲ್ ಸಂಖ್ಯೆಯನ್ನೂ ಬರೆದುಕೊಂಡರೆ, ಕೆಲಸ ಅರಸಿ ಬೇರೆ ಬಡಾವಣೆಗೆ ಹೋಗುವ ಕಾರ್ಮಿಕರ ಮಕ್ಕಳನ್ನೂ ಅಲ್ಲಿಯ ಆಶಾ ಕಾರ್ಯಕರ್ತೆ ಹುಡುಕಬಹುದು.