ಬಾಡಿಗೆ ಮನೆಯ ಗಾಳಿಗೆ ಹೊಣೆ ಯಾರು?

ಚಳಿಗಾಲ ಬಂದು ಬೆಂಗಳೂರಿನ ಮನೆಗಳಲ್ಲಿ ಕಿಟಕಿಗಳು ಮುಚ್ಚಿಕೊಳ್ಳುವ ಹೊತ್ತಿಗೆ, ಸ್ನಾನಕ್ಕೆಂದು ಬಚ್ಚಲುಮನೆ ಹೊಕ್ಕವರು ಎಷ್ಟು ಕೂಗಿದರೂ ಓಗೊಡದೆ, ಕೊನೆಗೆ ನೆರೆಯವರು ಬಾಗಿಲು ಒಡೆದು ನೋಡಿದಾಗ ನಿಶ್ಚೇಷ್ಟಿತರಾಗಿ ಬಿದ್ದಿದ್ದರೆಂಬ ವಾರ್ತೆ ಪತ್ರಿಕೆಗಳ ಒಳಪುಟದಲ್ಲಿ ಒಂದಲ್ಲ ಒಂದು ದಿನ ಕಾಣಿಸಿಕೊಳ್ಳುತ್ತದೆ. ಗ್ಯಾಸ್ ಗೀಸರಿನಿಂದ ಸಾವು ಎಂಬ ಶೀರ್ಷಿಕೆ, ಅದರ ಕೆಳಗೆ ನಾಲ್ಕಾರು ಪಂಕ್ತಿ. ಮೃತರು ಬಾಡಿಗೆ ಮನೆಯಲ್ಲಿದ್ದರೆಂಬುದು ಅವುಗಳಲ್ಲಿ ಹಲವು ವೇಳೆ ಉಕ್ತವಾಗಿರುತ್ತದೆ. ಆದರೆ ಆ ಗೀಸರನ್ನು ಅಲ್ಲಿ ಜೋಡಿಸಿದವರು ಯಾರು, ಆ ಕೋಣೆಗೆ ಗಾಳಿಯ ದಾರಿ ಇತ್ತೇ, ಅದನ್ನು ನೋಡಿಕೊಳ್ಳುವ ಕರ್ತವ್ಯ ಯಾರದಾಗಿತ್ತು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ.

ಅಡುಗೆ ಅನಿಲವು ಸಾಕಷ್ಟು ಗಾಳಿಯೊಡನೆ ಉರಿದಾಗ ಹಾನಿ ಅಲ್ಪ. ಗಾಳಿ ಸಾಲದೆ ಹೋದಾಗ ಅದೇ ಜ್ವಾಲೆಯಿಂದ ಕಾರ್ಬನ್ ಮೋನಾಕ್ಸೈಡ್ ಜನಿಸುತ್ತದೆ. ಸೋರಿಕೆ ತಿಳಿಯಲೆಂದು ಸಿಲಿಂಡರಿನ ಅನಿಲಕ್ಕೆ ದುರ್ವಾಸನೆಯ ದ್ರವ್ಯವೊಂದನ್ನು ಬೆರೆಸಿರುವುದರಿಂದ, ವಾಸನೆ ಬಂದರೆ ಮಾತ್ರ ಅಪಾಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಉರಿಯುವಿಕೆಯಿಂದ ಹುಟ್ಟುವ ಈ ವಿಷಕ್ಕಾದರೋ ವರ್ಣವಿಲ್ಲ, ಗಂಧವಿಲ್ಲ, ರುಚಿಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಇದನ್ನು ಹಿಡಿದುಕೊಳ್ಳುವ ಕಾರಣ, ಉಸಿರಾಡುತ್ತಿರುವಾಗಲೇ ದೇಹಕ್ಕೆ ಪ್ರಾಣವಾಯುವಿನ ಕ್ಷಾಮ ತಲೆದೋರುತ್ತದೆ. ಮೊದಲು ತಲೆನೋವು, ಓಕರಿಕೆ, ತಲೆಸುತ್ತು. ಪಿತ್ತ ಕೆರಳಿತೆಂದೋ ಬರಿಹೊಟ್ಟೆಯಲ್ಲಿ ಸ್ನಾನಕ್ಕೆ ನಿಂತದ್ದರ ಫಲವೆಂದೋ ಭಾವಿಸಿ ಇನ್ನೆರಡು ಚೊಂಬು ನೀರು ಹೊಯ್ದುಕೊಳ್ಳುವಷ್ಟರಲ್ಲಿ ಕಾಲು ಸೋಲುತ್ತದೆ. ಆಮೇಲೆ ಚಿಲಕದವರೆಗೆ ಕೈ ಚಾಚುವ ಶಕ್ತಿಯೂ ಉಳಿಯುವುದಿಲ್ಲ.

ಹಿಂದಿನ ಮನೆಗಳ ಬಚ್ಚಲಲ್ಲಿ ಹಂಡೆಯೊಲೆ ಉರಿಯುತ್ತಿದ್ದಾಗ್ಯೂ, ಹೆಂಚಿನ ಸಂದಿಯಿಂದಲೂ ಗೋಡೆಯ ಗವಾಕ್ಷದಿಂದಲೂ ಗಾಳಿ ಆಡುತ್ತಿತ್ತು. ಉಸಿರು ಕಟ್ಟುವ ಮೊದಲೇ ಹೊಗೆಯು ಕಣ್ಣುರಿಸಿ ಜನರನ್ನು ಹೊರಗಟ್ಟುತ್ತಿತ್ತು. ಇಂದಿನ ಬಾಡಿಗೆ ಮನೆಯ ಸ್ನಾನಗೃಹವನ್ನು ನೋಡಿ: ನಾಲ್ಕಡಿ ಅಗಲ, ಆರಡಿ ಉದ್ದ, ಗೋಡೆಯ ಮೇಲ್ಭಾಗದಲ್ಲಿ ಗಾಜಿನ ಪಟ್ಟಿಗಳ ಒಂದು ಪುಟ್ಟ ವೆಂಟಿಲೇಟರು, ಅದರ ಹೊರಗೆ ಕೈಗೆಟಕುವ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಆ ಗಾಜಿನ ಪಟ್ಟಿಗಳ ನಡುವೆ ಮಡಿಸಿ ತುರುಕಿದ ರಟ್ಟು ಮತ್ತು ಹಳೆಯ ಪತ್ರಿಕೆಗಳು, ಚಳಿಗೆಂದು ಒಬ್ಬರು ಇಟ್ಟದ್ದನ್ನು ಸೊಳ್ಳೆಗೆಂದು ಮುಂದಿನವರು ಉಳಿಸಿಕೊಂಡದ್ದು. ಅಂಥ ಕೋಣೆಯಲ್ಲಿ ಗೀಸರನ್ನು ಹೊತ್ತಿಸಿ ಒಬ್ಬರಾದ ಮೇಲೊಬ್ಬರು ಸ್ನಾನ ಮಾಡತೊಡಗಿದರೆ, ಒಳಗಿನ ಗಾಳಿ ಎಷ್ಟು ಹೊತ್ತು ಗಾಳಿಯಾಗಿ ಉಳಿದೀತು?

ಗೋಡೆಯೂ ಗವಾಕ್ಷವೂ ಮಾಲೀಕರವು. ಅದನ್ನು ಮುಚ್ಚುವ ಕೈ ಬಹುಮಟ್ಟಿಗೆ ಬಾಡಿಗೆದಾರರದು. ಹೊಣೆಯು ಹೀಗೆ ಇಬ್ಬರ ನಡುವೆ ಬಿದ್ದಿರುವಾಗ ಕಾನೂನು ಸ್ಪಷ್ಟವಾಗಿ ಮಾತನಾಡಬೇಕಿತ್ತು. ಕೇಂದ್ರ ಸರ್ಕಾರವು 2021ರಲ್ಲಿ ರಾಜ್ಯಗಳ ಅನುಸರಣೆಗಾಗಿ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ, ಕಟ್ಟಡದ ರಚನೆಯ ದುರಸ್ತಿ, ಸುಣ್ಣಬಣ್ಣ, ಕೊಳಾಯಿಯ ಪೈಪು, ವಿದ್ಯುತ್ ತಂತಿಗಳು ಮಾಲೀಕರ ಪಾಲಿಗೂ, ನಲ್ಲಿಯ ವಾಷರು, ಚರಂಡಿಯ ಶುದ್ಧಿ ಮುಂತಾದವು ಬಾಡಿಗೆದಾರರ ಪಾಲಿಗೂ ಹಂಚಲ್ಪಟ್ಟಿವೆ. ಗೀಸರಿನ ದುರಸ್ತಿಯು ಸೇರಿರುವುದು ಈ ಎರಡನೆಯ ಪಟ್ಟಿಯಲ್ಲಿ. ಕರಾರಿನಲ್ಲಿ ಬೇರೆ ವಿಧವಾಗಿ ಬರೆದುಕೊಳ್ಳಲು ಅವಕಾಶವಿದೆ, ನಿಜ. ಆದರೆ ಪ್ರಾಣಾಪಾಯದ ಉಪಕರಣವೊಂದನ್ನು ವಾಷರಿನ ಸಾಲಿನಲ್ಲಿ ಕೂರಿಸಿ, ಹನ್ನೊಂದು ತಿಂಗಳಿಗೆಂದು ಬಂದುಹೋಗುವವರ ಮೇಲೆ ಅದರ ಭಾರವನ್ನು ಹೊರಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಗೋಡೆಗೆ ಒಂದು ರಂಧ್ರ ಕೊರೆಯಲು ಸಹ ಅನುಮತಿ ಕೇಳಬೇಕಾದವನು ಗಾಳಿಯ ದಾರಿಯನ್ನು ಹೇಗೆ ನಿರ್ಮಿಸಿಯಾನು?

ಇಂಗ್ಲೆಂಡಿನಲ್ಲಿ ಈ ವಿಷಯವನ್ನು ನಿಯಮಗಳಿಂದಲೇ ನಿರ್ಧರಿಸಿದ್ದಾರೆ. 1998ರ ನಿಯಮಗಳ ಮೇರೆಗೆ ಬಾಡಿಗೆ ಮನೆಯಲ್ಲಿ ಮಾಲೀಕರು ಒದಗಿಸಿದ ಅನಿಲ ಉಪಕರಣಗಳನ್ನು ನೋಂದಾಯಿತ ತಂತ್ರಜ್ಞರಿಂದ ವರ್ಷಕ್ಕೊಮ್ಮೆ ಪರೀಕ್ಷಿಸಿ, ಅದರ ದಾಖಲೆಯನ್ನು 28 ದಿನಗಳೊಳಗೆ ಬಾಡಿಗೆದಾರರಿಗೆ ಕೊಡಬೇಕು. 2015ರಲ್ಲಿ ಬಂದು 2022ರ ಅಕ್ಟೋಬರ್ 1ರಿಂದ ವಿಸ್ತೃತವಾದ ಇನ್ನೊಂದು ನಿಯಮದಂತೆ, ಅಡುಗೆ ಒಲೆಯ ಹೊರತಾಗಿ ಉರಿಯುವ ಸ್ಥಿರ ಉಪಕರಣವಿರುವ ಪ್ರತಿ ವಾಸದ ಕೋಣೆಯಲ್ಲಿಯೂ ಕಾರ್ಬನ್ ಮೋನಾಕ್ಸೈಡ್ ಅಲಾರಮನ್ನು ಮಾಲೀಕರು ಇಡತಕ್ಕದ್ದು. ಬಾಡಿಗೆ ಆರಂಭವಾಗುವ ದಿನ ಅದು ಕೆಲಸ ಮಾಡುವುದೆಂದು ಖಚಿತಪಡಿಸತಕ್ಕದ್ದು. ಕೆಟ್ಟಿತೆಂದು ತಿಳಿಸಿದರೆ ಸರಿಪಡಿಸತಕ್ಕದ್ದು. ತಪ್ಪಿದವರಿಗೆ 5,000 ಪೌಂಡುಗಳವರೆಗೆ ದಂಡ. ಆಗಾಗ ಗುಂಡಿ ಒತ್ತಿ ನೋಡುವುದು, ಕೆಟ್ಟಾಗ ತಿಳಿಸುವುದು ಬಾಡಿಗೆದಾರರ ಕೆಲಸ. ಅಲ್ಲಿ ಓದಲು, ದುಡಿಯಲು ಹೋಗಿ ಬಾಡಿಗೆಗಿರುವ ನಮ್ಮ ಕನ್ನಡದ ಮಕ್ಕಳಿಗೂ ಲಭ್ಯವಾಗಿರುವ ಈ ರಕ್ಷಣೆ ಇಲ್ಲಿ ಅವರ ತಂದೆತಾಯಿಗಳಿಗೆ ಏಕಿರಬಾರದು?

ಅಲಾರಮೆಂದರೆ ಅಂಗೈಯಗಲದ ಒಂದು ಪೆಟ್ಟಿಗೆ. ಐರೋಪ್ಯ ಮಾನದಂಡದ ಉಪಕರಣವು ಗಾಳಿಯ ದಶಲಕ್ಷ ಭಾಗಗಳಲ್ಲಿ ವಿಷದ ಪ್ರಮಾಣ 300 ಭಾಗವನ್ನು ಮುಟ್ಟಿದರೆ ಮೂರು ನಿಮಿಷಗಳೊಳಗೆ ಕೂಗಬೇಕು. ಅದರ ಸಂವೇದಕಕ್ಕೆ ಆಯುಸ್ಸಿನ ಮಿತಿಯುಂಟು. ಆದ್ದರಿಂದ ಅವಧಿ ಮುಗಿಯುವ ದಿನಾಂಕವನ್ನು ನೋಡಿಕೊಳ್ಳುವುದು ಅವಶ್ಯ. ನೀರಾವಿಯಿಂದ ಅದು ಕೆಡುವುದಾದ ಕಾರಣ ಸಾಮಾನ್ಯವಾಗಿ ಬಚ್ಚಲುಮನೆಯೊಳಗೆ ಇಡುವಂತಿಲ್ಲ. ಬಾಗಿಲಿನ ಹೊರಗಿಟ್ಟರೆ ಒಳಗಿನ ವಿಷವು ಅದನ್ನು ತಲುಪುವುದು ತಡವಾದೀತು. ಆದಕಾರಣ ಮೊದಲ ಪರಿಹಾರವು ಅಲಾರಮಲ್ಲವೆಂದು ಒತ್ತಿ ಹೇಳಬೇಕಾಗಿದೆ. ಗ್ಯಾಸ್ ಗೀಸರು ಬಚ್ಚಲಿನೊಳಗೆ ಇರಲೇಕೂಡದು. ತೆರೆದ ಯುಟಿಲಿಟಿಯ ಗೋಡೆಗೆ ಅದನ್ನು ಜೋಡಿಸಿ, ಬಿಸಿನೀರನ್ನು ಮಾತ್ರ ಪೈಪಿನ ಮೂಲಕ ಒಳಗೆ ತರಬೇಕು. ಈ ಸ್ಥಳಾಂತರವೂ, ಅಲಾರಮಿನ ಖರೀದಿಯೂ, ವರ್ಷಕ್ಕೊಮ್ಮೆ ಬಲ್ಲ ಮೆಕ್ಯಾನಿಕ್ಕಿನಿಂದ ಪರೀಕ್ಷೆಯೂ ಮಾಲೀಕರ ಹೊಣೆ. ಗೀಸರನ್ನು ಬಾಡಿಗೆದಾರರೇ ತಂದಿದ್ದರೆ ಅದರ ಪರೀಕ್ಷೆಯ ವೆಚ್ಚ ಅವರದಾಗಲಿ. ಆದರೆ ಅದನ್ನು ಎಲ್ಲಿ ಜೋಡಿಸಬಾರದೆಂದು ಹೇಳುವ ಅಧಿಕಾರವನ್ನೂ ಕರ್ತವ್ಯವನ್ನೂ ಮನೆಯ ಒಡೆಯರು ಬಿಟ್ಟುಕೊಡಲಾಗದು.

ಬಾಡಿಗೆದಾರರ ಕರ್ತವ್ಯವೂ ಲಘುವಾದುದಲ್ಲ. ವೆಂಟಿಲೇಟರನ್ನು ಮುಚ್ಚಬಾರದು, ಜ್ವಾಲೆಯ ನೀಲಿ ಹೋಗಿ ಹಳದಿ ಕಂಡರೆ ಗೀಸರನ್ನು ಆರಿಸಿ ಅಂದೇ ಮಾಲೀಕರಿಗೆ ತಿಳಿಸಬೇಕು, ಸಾಧ್ಯವಾದರೆ ಬರಹದಲ್ಲಿ. ಬಾಡಿಗೆ ಏರೀತೆಂದೋ ಮನೆ ಬಿಡಿಸಿಯಾರೆಂದೋ ಅಂಜಿ ಸುಮ್ಮನಿರುವವರನ್ನು ನಾನು ಬಲ್ಲೆ; ಆ ಅಂಜಿಕೆ ಹೋಗಬೇಕಾದರೆ ಕಾನೂನಿನ ಬೆಂಬಲ ಬೇಕು.

ರಾಜ್ಯ ಸರ್ಕಾರವು ಬಾಡಿಗೆಯ ಕಾನೂನಿಗೆ ಮುಂದೆ ತಿದ್ದುಪಡಿ ತರುವಾಗ ಗ್ಯಾಸ್ ಗೀಸರಿನ ಈ ಹೊಣೆಯನ್ನು ಮಾಲೀಕರ ಪಟ್ಟಿಗೆ ಸೇರಿಸಲಿ. ಅಲ್ಲಿಯವರೆಗೆ ಮಾಲೀಕರಲ್ಲಿಯೂ ಬಾಡಿಗೆದಾರರಲ್ಲಿಯೂ ನನ್ನ ವಿನಂತಿ ಇಷ್ಟೆ: ಮುಂದಿನ ಕರಾರಿಗೆ ಸಹಿ ಹಾಕುವ ಮುನ್ನ, ಅಡ್ವಾನ್ಸಿನ ಮೊತ್ತ ಬರೆಯುವ ಹಾಳೆಯಲ್ಲಿಯೇ ಗೀಸರು ಎಲ್ಲಿರತಕ್ಕದ್ದು, ಅದನ್ನು ಪರೀಕ್ಷಿಸಿದ ದಿನಾಂಕ ಯಾವುದು, ಅಲಾರಮನ್ನು ಇಡುವವರು ಯಾರು ಎಂಬುದನ್ನು ಬರೆಸಿಕೊಳ್ಳಿ.