ಕಾಲುವೆ ತುಂಬಿದೆ, ಹೊಲ ಬಾಯಾರಿದೆ

ಶಹಾಪುರದ ಸೀಮೆಗೆ ಕೃಷ್ಣೆಯ ನೀರು ಬರುವುದು ನಾರಾಯಣಪುರದ ಎಡದಂಡೆ ಕಾಲುವೆಯಿಂದ. ಕಾಲುವೆ ದಡ ಮುಟ್ಟಿ ಹರಿಯುತ್ತಿದ್ದರೂ ಗೇಟು ಏಳದಿದ್ದರೆ ಹೊಲದ ಪೈರು ಬಾಡುವುದೆಂಬುದನ್ನು ಅಲ್ಲಿಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಕ್ಕರೆ ಕಾಯಿಲೆಯ ಮರ್ಮವೂ ಇದೇ. ರಕ್ತದಲ್ಲಿ ಸಕ್ಕರೆ ತುಂಬಿ ಹರಿಯುತ್ತಿದೆ, ಜೀವಕೋಶ ಹಸಿದಿದೆ.

ಗೇಟು ತೆರೆಯಿಸುವ ಅಪ್ಪಣೆ ಇನ್ಸುಲಿನ್ನಿನದು. ಮೇದೋಜೀರಕಾಂಗದ ಈ ರಸವನ್ನು 1921ರಲ್ಲಿ ಕೆನಡದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಬೇರ್ಪಡಿಸಿ ತೋರಿಸಿದರು. ಅದು ಸಕ್ಕರೆಯನ್ನು ತಾನೇ ಹೊತ್ತೊಯ್ಯುವುದಿಲ್ಲ. ಜೀವಕೋಶದ ಹೊರಮೈಯ ಗ್ರಾಹಕವನ್ನು ಮುಟ್ಟುತ್ತದೆ. ಆ ಸಂಜ್ಞೆ ಒಳಗೊಳಗೇ ದಾಟಿ, ಕೋಶದಲ್ಲಿ ಅಡಗಿದ್ದ ಸಕ್ಕರೆಯ ಬಾಗಿಲುಗಳನ್ನು ಮೇಲಕ್ಕೆ ತರುತ್ತದೆ. ಹೃದಯದ ಸ್ನಾಯುವೂ ಈ ಅಪ್ಪಣೆಗೆ ಒಳಪಟ್ಟದ್ದೆಂಬುದನ್ನು ಅನೇಕರು ಅರಿಯರು.

ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುವ ಹೃದಯವು ಹೆಚ್ಚಾಗಿ ಕೊಬ್ಬನ್ನು ಉರಿಸಿ ದುಡಿಯುತ್ತದೆ. ಸಕ್ಕರೆ ದೊರೆತಾಗ ಅದನ್ನೂ ಬಳಸಿಕೊಳ್ಳುತ್ತದೆ. ಇನ್ಸುಲಿನ್ನಿನ ಮಾತು ನಡೆಯದಾದಾಗ ಈ ಅನುಕೂಲ ತಪ್ಪಿ, ಕೊಬ್ಬಿನ ಮೇಲಿನ ಭಾರ ಇನ್ನೂ ಹೆಚ್ಚುತ್ತದೆ. ಅಷ್ಟೇ ಶಕ್ತಿಗೆ ಕೊಬ್ಬು ಹೆಚ್ಚು ಆಮ್ಲಜನಕವನ್ನು ಬೇಡುತ್ತದೆ. ಉರಿಯದೆ ಉಳಿದದ್ದು ಕೋಶದಲ್ಲಿಯೇ ಕೂಡಿಕೊಳ್ಳುತ್ತದೆ. ಬರಬರುತ್ತ ಹೃದಯ ಬಿಗುವಾಗಿ, ಎರಡು ಮಿಡಿತಗಳ ನಡುವೆ ಸಡಿಲಗೊಳ್ಳಲು ತಡಮಾಡುತ್ತದೆ.

ರಕ್ತನಾಳಗಳ ಪಾಡು ಇನ್ನೂ ವಿಚಿತ್ರ. ಇನ್ಸುಲಿನ್ ಅವುಗಳಿಗೆ ಎರಡು ಅಪ್ಪಣೆಗಳನ್ನು ಕೊಡುತ್ತದೆ: ನೈಟ್ರಿಕ್ ಆಕ್ಸೈಡ್ ಹುಟ್ಟಿಸಿ ಅಗಲವಾಗು ಎಂಬುದು ಒಂದು, ಬೆಳೆ ಎಂಬುದು ಇನ್ನೊಂದು. ಕಾಯಿಲೆಯಲ್ಲಿ ಮೊದಲನೆಯದಕ್ಕೆ ಕಿವಿ ಮಂದವಾಗುತ್ತದೆ, ಎರಡನೆಯದಕ್ಕೆ ಅಷ್ಟಾಗಿ ಆಗುವುದಿಲ್ಲ. ತನ್ನ ಮಾತು ನಡೆಯಲಿಲ್ಲವೆಂದು ದೇಹ ಇನ್ನಷ್ಟು ಇನ್ಸುಲಿನ್ ಸುರಿಸಿದಂತೆಲ್ಲ ನಾಳದ ಗೋಡೆ ದಪ್ಪಗಾಗುವ ಕೆಲಸವೇ ಮುಂದುವರಿಯುತ್ತದೆ.

ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದ ಜನರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದ ವೈದ್ಯರು 1974ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ಉಳಿದವರಿಗೆ ಹೋಲಿಸಿದರೆ ಸಕ್ಕರೆ ಕಾಯಿಲೆಯ ಗಂಡಸರ ಹೃದಯ ಸೋಲುವ ಸಂಭವ ಎರಡು ಪಟ್ಟಿಗೂ ಮಿಗಿಲು; ಹೆಂಗಸರಲ್ಲಿ ಐದು ಪಟ್ಟು.

ಆದುದರಿಂದ ಮನೆಯ ಹಿರಿಯ ತಾಯಿ ನಾಲ್ಕು ಮೆಟ್ಟಿಲಿಗೆ ಏದುಸಿರು ಬಿಡುತ್ತ, “ಎದಿ ನೋವು ಇಲ್ಲ, ದವಾಖಾನಿ ಯಾಕಪ್ಪ?” ಎಂದರೆ ಮಗನು ಸುಮ್ಮನಾಗಬಾರದು. ಬಹುಕಾಲದ ಸಕ್ಕರೆ ಕಾಯಿಲೆ ನರಗಳನ್ನು ಮಂಕಾಗಿಸುತ್ತದೆ. ಹೃದಯಾಘಾತವೇ ಆದರೂ ಎದೆ ನೋಯದಿರಬಹುದು. ಏದುಸಿರು, ಪಾದದ ಬಾವು, ಕಾರಣವಿಲ್ಲದ ಬೆವರು ಇವನ್ನು ವಯಸ್ಸಿನ ತಲೆಗೆ ಕಟ್ಟುವುದು ಎಷ್ಟೋ ಮನೆಗಳಲ್ಲಿ ದುಬಾರಿಯಾಗಿದೆ.

ಸಮಾಧಾನದ ಸಂಗತಿಯೂ ಒಂದುಂಟು. ದುಡಿಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ತಾನೇ ಸಕ್ಕರೆಯ ಬಾಗಿಲು ತೆರೆದುಕೊಳ್ಳುತ್ತದೆ. ನಡೆದ ಮೇಲೆ ಬಹಳ ಹೊತ್ತಿನವರೆಗೆ ಇನ್ಸುಲಿನ್ನಿನ ಮಾತಿಗೂ ಹೆಚ್ಚು ಕಿವಿಗೊಡುತ್ತದೆ. ಏದುಸಿರು ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಮಾತ್ರೆಯನ್ನು ಯಾರೂ ತಾವಾಗಿ ಬಿಡಬಾರದು. ಉಳಿದವರು ದಿನವೂ ಸಂಜೆ, ಮಲಗಿದ ಬುದ್ಧನಂತೆ ತೋರುವ ಊರಿನ ಬೆಟ್ಟವನ್ನು ನೋಡುತ್ತ ಅರ್ಧ ಗಂಟೆ ನಡೆಯಲಿ. ಬೆಟ್ಟ ಮಲಗಿದರೆ ಚೆಂದ; ಮನುಷ್ಯ ನಡೆದರೆ ಕ್ಷೇಮ.