ಸೌತೆ ಬೀಜದ ಪ್ಯಾಕೆಟ್ಟಿನಲ್ಲಿ ಗಾಂಜಾ ಇರಲಿಲ್ಲ

ಹೋದ ಮುಂಗಾರಿನಲ್ಲಿ ನಮ್ಮ ಕಡೆಯ ಒಂದು ಊರಿನ ವಾಟ್ಸಾಪ್ ಗ್ರೂಪಿಗೆ ಸೌತೆ ಬೀಜದ ಪ್ಯಾಕೆಟ್ಟಿನ ಫೋಟೊ ಬಂತು. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ‘ಕುಕುಮಿಸ್ ಸಟೈವಸ್’ ಅಂತಿತ್ತು. ಯಾರೋ ಎರಡನೇ ಪದ ಗೂಗಲ್ ಮಾಡಿದರು, ‘ಕ್ಯಾನಬಿಸ್ ಸಟೈವಾ’ ಸಿಕ್ಕಿತು. ಅಂದರೆ ಗಾಂಜಾ. ಸಂಜೆಯೊಳಗೆ ಬೀಜದಂಗಡಿ ಮುಂದೆ ಜನ ಸೇರಿದ್ದರು. ನನಗೂ ಫೋನ್ ಬಂತು: “ಸರ್, ದೊಡ್ಡ ಸುದ್ದಿ ಐತಿ.” ನಾನು ಹೆಡ್ಡಿಂಗ್ ಟೈಪ್ ಮಾಡಿಯೂ ಆಗಿತ್ತು. ಕಳಿಸುವ ಮೊದಲು ಕೃಷಿ ಪದವಿ ಓದಿದ ಪರಿಚಯದ ಹುಡುಗನನ್ನು ಕೇಳಿದೆ. ಅವನು ನಕ್ಕ. “ಅಣ್ಣಾ, ಹಂಗಂದ್ರ ಮಧ್ಯಾಹ್ನ ನೀ ಉಂಡ ಅನ್ನಾನೂ ಸಟೈವಾನ.”

ನಿಜ. ಭತ್ತ ಒರೈಜಾ ಸಟೈವಾ. ಕೊತ್ತಂಬರಿ ಕೊರಿಯಾಂಡ್ರಮ್ ಸಟೈವಮ್, ಬೆಳ್ಳುಳ್ಳಿ ಅಲಿಯಮ್ ಸಟೈವಮ್, ಕೇಸರಿ ಕ್ರೋಕಸ್ ಸಟೈವಸ್. ಇವೆಲ್ಲ ಸ್ವೀಡನ್ನಿನ ಲಿನೇಯಸ್ 1753ರ ತನ್ನ ಪುಸ್ತಕದಲ್ಲಿ ಕೊಟ್ಟ ಹೆಸರುಗಳು. ಸಟೈವಸ್ ಲ್ಯಾಟಿನ್ ಭಾಷೆಯ ಒಂದು ಗುಣವಾಚಕ. ‘ಬಿತ್ತಿ ಬೆಳೆಯುವಂಥದ್ದು’ ಅಂತ ಅರ್ಥ, ಅಷ್ಟೇ. ಗಾಂಜಾದ ಗುರುತು ‘ಕ್ಯಾನಬಿಸ್’ ಅನ್ನುವ ಮೊದಲ ಪದದಲ್ಲಿದೆ.

ಹಾಗಾದರೆ ಬಾಲ ಯಾಕೆ ಬದಲಾಗುತ್ತದೆ? ಕನ್ನಡದಲ್ಲಿ ದೊಡ್ಡಪ್ಪ, ದೊಡ್ಡಮ್ಮ, ದೊಡ್ಡಪತ್ರೆ ಅನ್ನುತ್ತೇವೆ. ‘ದೊಡ್ಡ’ ಯಾರ ಪಕ್ಕ ನಿಂತರೂ ಹಾಗೇ ಇರುತ್ತದೆ. ಲ್ಯಾಟಿನ್‌ನಲ್ಲಿ ಹಾಗಿಲ್ಲ. ನಮ್ಮ ಬಂದನು, ಬಂದಳು, ಬಂದಿತು ಇದ್ದಂತೆ ಅಲ್ಲಿ ಗುಣವಾಚಕಕ್ಕೂ ಲಿಂಗ ಉಂಟು. ಮೊದಲ ಪದ ಪುಲ್ಲಿಂಗವಾದರೆ ಸಟೈವಸ್, ಸ್ತ್ರೀಲಿಂಗವಾದರೆ ಸಟೈವಾ, ನಪುಂಸಕವಾದರೆ ಸಟೈವಮ್. ಮರಗಳ ವಿಷಯ ಇನ್ನೂ ಮಜಾ. ಅರಳಿ ‘ಫೈಕಸ್ ರಿಲಿಜಿಯೋಸಾ’. ಫೈಕಸ್ ಅನ್ನುವುದು ಗಂಡಿನ ಹೆಸರಿನ ಹಾಗೆ ಕೇಳಿದರೂ ಲ್ಯಾಟಿನ್‌ನವರಿಗೆ ಮರಗಳು ಸಾಮಾನ್ಯವಾಗಿ ಹೆಣ್ಣು, ಅದಕ್ಕೇ ರಿಲಿಜಿಯೋಸಾ. ಬೇವಿನ ಜೊತೆ ಮದುವೆ ಮಾಡಿಸುವಾಗ ನಮಗೆ ಅರಳಿಯೇ ಗಂಡು!

ಗ್ರೂಪಿನವರನ್ನು ನಾನು ಬೈಯುವುದಿಲ್ಲ. ಬೀಜ ಕೊಳ್ಳುವವರಿಗೆ ಓದಲಾಗದ ಭಾಷೆಯಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣಕ್ಷರದಲ್ಲಿ ಅಚ್ಚು ಹಾಕಿದರೆ ಅನುಮಾನ ಬರದೆ ಇರುತ್ತದೆಯೇ? ಕಂಪನಿಗಳು ಆ ಹೆಸರಿನ ಪಕ್ಕ ಕನ್ನಡದಲ್ಲಿ ‘ಸೌತೆ’ ಅಂತ ದಪ್ಪಗೆ ಹಾಕಲಿ. ನಮ್ಮಂಥ ಸುದ್ದಿಗಾರರು ಫೋಟೊ ನೋಡಿದ ಕೂಡಲೇ ಹೆಡ್ಡಿಂಗ್ ಬರೆಯುವುದನ್ನು ಬಿಡಲಿ. ಇದನ್ನು ನನಗೂ ಸೇರಿಸಿಯೇ ಹೇಳುತ್ತಿದ್ದೇನೆ.

ನಾನು ಆ ಸುದ್ದಿ ಕಳಿಸಲಿಲ್ಲ. ಮರುದಿನ ಅದೇ ಗ್ರೂಪಿಗೆ ಭತ್ತದ ಲ್ಯಾಟಿನ್ ಹೆಸರು ಬರೆದು ಹಾಕಿದೆ. ಕೆಲವರು ನಗುವ ಇಮೋಜಿ ಕಳಿಸಿದರು. ಆದರೆ ಅಷ್ಟರಲ್ಲಿ ಅಂಗಡಿಯವರು ಪ್ಯಾಕೆಟ್ಟುಗಳನ್ನು ವಾಪಸ್ ತೆಗೆದುಕೊಂಡು ದುಡ್ಡು ಮರಳಿಸಿಯಾಗಿತ್ತು. ಈ ಸಲ ಅವರು ಸೌತೆ ಬೀಜ ತರಿಸಿಲ್ಲ.